ಪೇಂಡಾ ಬರುವವರೆಗೆ

ಹಜೀರಾ, ಸುರತ್
12 ಜುಲೈ 2003

ಪ್ರೀತಿಯ ನಳಿನಕ್ಕನಿಗೆ,

ನಮಸ್ಕಾರ. ಕಳೆದ ವಾರ ಮಾತಿನ ನಡುವೆ ಫೋನ್ ಕುಕ್ಕಿದ್ದು ನಾನೇ, ತಪ್ಪು ನನ್ನದೇ. ಫೋನಿನಲ್ಲಿ ನಾನು ಕೂಗುತ್ತೇನೆ, ನೀನು ಸುಮ್ಮನಾಗುತ್ತೀಯ, ಎಸ್‌ಟಿಡಿ ಮೀಟರು ಮಾತ್ರ ಓಡುತ್ತಿರುತ್ತದೆ. ಇನ್ನು ಮೇಲೆ ಕಾಗದದಲ್ಲೇ ಮಾತಾಡೋಣ ಎಂಬ ನಿನ್ನ ಷರತ್ತಿಗೆ ಒಪ್ಪಿದ್ದೇನೆ. ಕಾಗದದಲ್ಲಿ ಕೂಗಿದರೆ ನಿನಗೆ ಕೇಳಿಸುವುದಿಲ್ಲವಲ್ಲ!

ಈಗ ಸುದ್ದಿ ಕೇಳು. ವರ್ಷಕ್ಕೊಮ್ಮೆ ಕಾರ್ಖಾನೆ ನಿಲ್ಲಿಸಿ ಯಂತ್ರಗಳನ್ನೆಲ್ಲ ಬಿಚ್ಚಿ ಜೋಡಿಸುತ್ತೇವಲ್ಲ, ಆ ಕೆಲಸವನ್ನು ನನ್ನ ದುರಸ್ತಿ ವಿಭಾಗ ಗಡುವಿಗೆ ಮೊದಲೇ ಮುಗಿಸಿತು! ಅಹಮದಾಬಾದಿನ ಹೆಡ್ ಆಫೀಸಿನಿಂದ ದೊಡ್ಡ ಸಾಹೇಬರೇ ಫೋನ್ ಮಾಡಿ ಹೊಗಳಿದರು. ನಾನು ಕುಣಿದುಬಿಟ್ಟೆ. ಮಾತಿಗೆ ಹೇಳುತ್ತಿಲ್ಲ, ನಿಜಕ್ಕೂ ಕುಣಿದೆ. ರಾಕೇಶನ ಎರಡೂ ಕೈ ಹಿಡಿದು ಗಿರಗಿರ ತಿರುಗಿಸಿದೆ. ರಾಕೇಶ ಅಂದರೆ ನಮ್ಮ ಹುಬ್ಬಳ್ಳಿಯ ಎಂಜಿನಿಯರು, ನಾನೇ ಸಂದರ್ಶನ ಮಾಡಿ ಸೇರಿಸಿಕೊಂಡವನು. ಪಾಪ, ಅವನ ಕನ್ನಡಕ ಬಿದ್ದುಹೋಯಿತು.

ಇಲ್ಲಿ ಒಳ್ಳೆಯ ಸುದ್ದಿ ಬಂದರೆ ಪೇಂಡಾ, ಅದೇ ನಮ್ಮ ಪೇಡೆ, ಹಂಚಲೇಬೇಕು, ನಿಮ್ಮ ವಡೋದರಾದಲ್ಲೂ ಅದೇ ತಾನೆ. ಡಬ್ಬಿ ನನ್ನ ಮೇಜಿನ ಮೇಲೆ ಬಂದದ್ದೇ ತಡ, ಜನ ಒಬ್ಬೊಬ್ಬರಾಗಿ ಒಳಗೆ ಬಂದರು. ಒಬ್ಬನಿಗೆ ರಜೆ ಬೇಕಿತ್ತು. ಒಬ್ಬ ಮೀಟರ್ ಒಡೆದಿದ್ದ. ಇನ್ನೊಬ್ಬ ಪೈಪನ್ನು ತಪ್ಪು ಅಳತೆಗೆ ಕತ್ತರಿಸಿ ಶೆಡ್ಡಿನ ಹಿಂದೆ ಬಚ್ಚಿಟ್ಟಿದ್ದ. ನಾನು ಎಲ್ಲರ ಬಾಯಿಗೂ ಪೇಂಡಾ ತುರುಕಿ ಹೋಗಲಿ ಬಿಡು ಎಂದೆ. ಬೇರೆ ವಿಭಾಗಗಳಲ್ಲಿ ಸಾಹೇಬನ ಎದುರು ಬಾಯಿ ಬಿಡಲು ಹೆದರುತ್ತಾರೆ. ನನ್ನವರು ನನ್ನಿಂದ ಏನನ್ನೂ ಮುಚ್ಚಿಡುವುದಿಲ್ಲ. ದೊಡ್ಡ ಸಾಹೇಬರ ಹೊಗಳಿಕೆಗಿಂತ ಇದು ದೊಡ್ಡದು ಅಕ್ಕಾ.

ಸೀತಾ ನಿನಗೂ ಭಾವನವರಿಗೂ ನಮಸ್ಕಾರ ತಿಳಿಸಿದ್ದಾಳೆ.

ನಿನ್ನ ತಮ್ಮ
ಹನುಮಂತ


ವಡೋದರಾ
21 ಜುಲೈ 2003

ಚಿ. ಹನುಮಂತನಿಗೆ ಆಶೀರ್ವಾದ.

ನಿನ್ನ ಕಾಗದದ ತುಂಬ ಜಿಡ್ಡಿನ ಕಲೆ. ಪೇಂಡಾ ನೀನು ತಿಂದೆ, ಕಲೆ ನನಗೆ ಕಳಿಸಿದೆ.

ಸಂತೋಷವಾಯಿತು. ಆದರೆ ಒಂದು ಸಂಶಯ. ಮೀಟರ್ ಒಡೆದದ್ದು, ಪೈಪು ಕತ್ತರಿಸಿದ್ದು ಎರಡೂ ಅದೇ ದಿನ ನಡೆದವೇ? ವಿಚಾರಿಸಿ ನೋಡು. ಇರಲಿ, ಅದು ನಿನ್ನ ಕಾರ್ಖಾನೆ, ನಿನಗೇ ಗೊತ್ತು.

ನಾನು ಹೇಳಬೇಕಾದದ್ದು ಬೇರೆ. ಎಂಜಿನಿಯರುಗಳ ಎದುರು ಕುಣಿಯುವುದು, ಮರುದಿನ ಅವರ ಮೇಲೆಯೇ ಹಾರಾಡುವುದು, ಇವೆರಡೂ ಒಂದೇ ರೋಗ. ಮುಂದೆ ನಿಂತು ನಡೆಸುವವರ ಮುಖ ದಿನಕ್ಕೊಂದು ಬಣ್ಣವಾಗಬಾರದು. ನನ್ನನ್ನು ನೋಡು. ಈ ಇನ್ಶೂರೆನ್ಸ್ ಆಫೀಸಿಗೆ ಮ್ಯಾನೇಜರ್ ಆಗಿ ಬಂದ ಮೇಲೆ ಎಷ್ಟೋ ಆಗಿಹೋಯಿತು. ಮೇಲಿನವರು ಶಾಲು ಹೊದೆಸಿದರು, ಬೈದರು, ಹಗಲೆಲ್ಲ ಬಾಗಿಲಲ್ಲಿ ಕಾಯಿಸಿದರು. ನನ್ನ ಮುಖದಲ್ಲಿ ಯಾರೂ ಏನೂ ಓದಲಿಲ್ಲ. ಒಂದು ದಿನವೂ ದನಿ ಎತ್ತಿಲ್ಲ. ಅದಕ್ಕೇ ನಮ್ಮಲ್ಲಿ ಗಲಾಟೆ ಎಂಬುದೇ ಇಲ್ಲ. ದೂರು ಹೇಳಿಕೊಂಡು ಸಹ ಯಾರೂ ನನ್ನ ಕೋಣೆಗೆ ಬರುವುದಿಲ್ಲ.

ನಿಮ್ಮ ಭಾವ ಹೃಷಿಕೇಶ ಪೇಂಡಾ ಎಲ್ಲಿ ಎಂದು ಕೇಳುತ್ತಿದ್ದಾರೆ.

ಅಕ್ಕ
ನಳಿನಿ


ಹಜೀರಾ
9 ಆಗಸ್ಟ್ 2003

ಅಕ್ಕಾ,

ನಿನ್ನ ಉಪದೇಶ ತಲುಪಿತು, ಆದರೆ ಪಾಲಿಸುವ ಸ್ಥಿತಿಯಲ್ಲಿ ನಾನಿಲ್ಲ. ದೊಡ್ಡ ಪಂಪು ಕೈಕೊಟ್ಟಿದೆ. ಮೊನ್ನೆ ಹೊಗಳಿದ ಅದೇ ಸಾಹೇಬರು ಇವತ್ತು ಸ್ಪೀಕರ್ ಫೋನಿನಲ್ಲಿ, ಹತ್ತು ಜನ ಕೇಳುವ ಹಾಗೆ, ನನ್ನ ಮಾನ ಕಳೆದರು. ಹದಿನೈದು ವರ್ಷ ದುಡಿದವನಿಗೆ ಪಂಪು ಜೋಡಿಸಲು ಬರುವುದಿಲ್ಲವೇ ಎಂದು ಕೇಳಿದರು.

ನನ್ನ ಕೋಣೆಗೆ ಬಂದು ಚಹಾದ ಗ್ಲಾಸನ್ನು ಗೋಡೆಗೆ ಎಸೆದೆ. ಅದು ಒಡೆಯುವ ಹೊತ್ತಿಗೆ ಸರಿಯಾಗಿ ರಾಕೇಶ ಬಾಗಿಲಲ್ಲಿ ನಿಂತಿದ್ದ. "ಏನೋ?" ಎಂದೆ. "ಏನಿಲ್ರಿ ಸರ್, ಆಮ್ಯಾಲೆ ಬರ್ತೀನ್ರಿ," ಎಂದು ಹಿಂದಕ್ಕೆ ಸರಿದ. ಕೆಲಸವಿಲ್ಲದೆ ಸುತ್ತಾಡುತ್ತೀಯಾ ಎಂದು ಅವನಿಗೂ ನಾಲ್ಕು ಮಾತು ಬಿತ್ತು. ಇಡೀ ಶೆಡ್ಡು ಗಪ್‌ಚುಪ್. ಒಂದು ಸ್ಪ್ಯಾನರ್ ಬಿದ್ದ ಸದ್ದೂ ಇರಲಿಲ್ಲ.

ಹೊಸ ಪಂಪು ಬರುತ್ತಿದೆ. ಆಗಸ್ಟ್ ಕೊನೆಯ ಶುಕ್ರವಾರ ಶುರು ಮಾಡುತ್ತೇವೆ. ಅವತ್ತು ನನ್ನ ಮರ್ಯಾದೆ ವಾಪಸು ಬರುತ್ತದೆ, ನಿನಗೂ ಒಂದು ಡಬ್ಬಿ ಪೇಂಡಾ ಬರುತ್ತದೆ. ಅಲ್ಲಿಯವರೆಗೆ ನನ್ನನ್ನು ಯಾರೂ ಮಾತಾಡಿಸದಿದ್ದರೆ ಸಾಕು.

ಹನುಮಂತ


ವಡೋದರಾ
12 ಸೆಪ್ಟೆಂಬರ್ 2003

ಚಿ. ಹನುಮಂತನಿಗೆ,

ಆಗಸ್ಟ್ ಮುಗಿಯಿತು, ಗಣೇಶ ಬಂದು ಹೋದ. ನಿನ್ನಿಂದ ಪೇಂಡಾವೂ ಇಲ್ಲ, ಕಾಗದವೂ ಇಲ್ಲ. ಹಬ್ಬದ ದಿನ ಷರತ್ತು ಮುರಿದು ಫೋನ್ ಮಾಡಿದೆ. "ಅವ್ರು ಫ್ಯಾಕ್ಟರ್ಯಾಗ ಇದ್ದಾರ ಅಕ್ಕಾ," ಎಂದಷ್ಟೇ ಹೇಳಿ ಸೀತಾ ಫೋನಿಟ್ಟಳು. ಅವಳ ದನಿ ಎಂದಿನ ಹಾಗಿರಲಿಲ್ಲ.

ಇಲ್ಲಿ ನನಗೂ ಕೆಲಸ ಜಾಸ್ತಿ. ನಮ್ಮ ಸುಮತಿ ದೀರ್ಘ ರಜೆ ಹಾಕಿದ್ದಾಳೆ. ಮೈಸೂರಿನವಳು, ಇಡೀ ಆಫೀಸಿನಲ್ಲಿ ನನ್ನ ಜೊತೆ ಕನ್ನಡ ಮಾತಾಡುವವಳು ಅವಳೊಬ್ಬಳೇ. ಅರ್ಜಿಯಲ್ಲಿ ಸ್ವಂತ ಕಾರಣ ಎಂದು ಬರೆದಿದ್ದಳು, ನಾನು ಸಹಿ ಹಾಕಿದೆ.

ಎರಡು ಸಾಲು ಬರೆದು ಹಾಕು. ಕೂಗಿ ಬರೆದರೂ ಪರವಾಗಿಲ್ಲ.

ಅಕ್ಕ


ಹಜೀರಾ
20 ಸೆಪ್ಟೆಂಬರ್ 2003

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ಉತ್ತರ ತಡವಾದದ್ದಕ್ಕೆ ಕ್ಷಮೆ ಇರಲಿ.

ಆಗಸ್ಟ್ ಕೊನೆಯ ಗುರುವಾರ, ಹೊಸ ಪಂಪು ಶುರುವಾಗುವ ಹಿಂದಿನ ದಿನ, ವಿಭಾಗದಲ್ಲಿ ಒಂದು ಘಟನೆ ನಡೆಯಿತು. ಭಾರ ಎತ್ತುವ ಚೈನ್ ಪುಲ್ಲಿಯ ಸರಪಳಿ ತುಂಡಾಗಿ ಮೋಟರು ಕೆಳಗೆ ಬಿತ್ತು. ಈಶ್ವರಭಾಯಿ ಎಂಬ ಕೆಲಸಗಾರನ ಬಲಗಾಲು ಅದರಡಿ ಸಿಕ್ಕಿತು. ಪ್ರಾಣಕ್ಕೆ ಅಪಾಯವಿಲ್ಲ. ಕಾಲಿನ ಬೆರಳುಗಳನ್ನು ತೆಗೆಯಬೇಕಾಯಿತು.

ನೀನು ಹೇಳಿದ್ದನ್ನು ಪಾಲಿಸಿದ್ದೇನೆ. ನಾನು ಕೂಗಲಿಲ್ಲ, ಓಡಾಡಲಿಲ್ಲ, ಯಾರನ್ನೂ ಬೈಯಲಿಲ್ಲ. ಆಂಬುಲೆನ್ಸ್ ಹೋದ ಮೇಲೆ ಕೈ ತೊಳೆದುಕೊಂಡು ವರದಿ ಬರೆದೆ. ಪಂಪು ಮರುದಿನ ಸರಿಯಾದ ಹೊತ್ತಿಗೆ ಶುರುವಾಯಿತು. ಸಿಹಿ ತರಿಸಲಿಲ್ಲ.

ವಿಚಾರಣೆ ನಡೆದಿದೆ. ಸರಪಳಿಯ ಒಂದು ಕೊಂಡಿ ಸವೆದಿರುವುದನ್ನು ರಾಕೇಶ ಮೂರು ವಾರ ಮೊದಲೇ ಕಂಡಿದ್ದನಂತೆ. ಬದಲಿಸಲು ನನ್ನ ಸಹಿ ಬೇಕು, ಅವನು ಕೇಳಲಿಲ್ಲ. ಹಗುರದ ಸಾಮಾನು ಮಾತ್ರ ಎತ್ತಿ ಎಂದು ಕೆಲಸಗಾರರಿಗೆ ಹೇಳಿ ಸುಮ್ಮನಾಗಿದ್ದ. ಅವಸರದಲ್ಲಿ ಆ ಮಾತು ಮರೆತುಹೋಯಿತು. ಯಾಕೆ ನನಗೆ ತಿಳಿಸಲಿಲ್ಲ ಎಂದು ಕಮಿಟಿ ಕೇಳಿದರೆ ತಲೆ ತಗ್ಗಿಸಿ ನಿಂತಿದ್ದ. ನನಗೆ ಮಾಹಿತಿ ಬಂದಿರಲಿಲ್ಲ ಎಂದು ನಾನು ಹೇಳಿದೆ. ಅದು ಸತ್ಯ. ಅವನ ಕೆಲಸ ಹೋಗಬಹುದು. ದೀಪಾವಳಿಗೆ ಮೊದಲು ಅಹಮದಾಬಾದಿನಲ್ಲಿ ಕೊನೆಯ ಸುತ್ತಿನ ವಿಚಾರಣೆ ಇದೆ.

ನನ್ನ ಮನಸ್ಸು ಸ್ಥಿರವಾಗಿದೆ. ಊಟ ನಿದ್ದೆ ಸರಿಯಾಗಿ ನಡೆದಿವೆ. ನಿಮ್ಮ ಮುಖ ನೋಡಲು ಹೆದರಿಕೆಯಾಗುತ್ತದೆ ಎಂದು ಸೀತಾ ಹೇಳುತ್ತಾಳೆ. ಕೂಗಿದಾಗಲೂ ಹಾಗೇ ಹೇಳುತ್ತಿದ್ದಳು.

ಇಂತಿ
ಹನುಮಂತ


ವಡೋದರಾ
27 ಸೆಪ್ಟೆಂಬರ್ 2003

ಚಿ. ಹನುಮಂತನಿಗೆ ಆಶೀರ್ವಾದ.

ನಿನ್ನ ಕಾಗದ ತಲುಪಿತು. ಈಶ್ವರಭಾಯಿಯನ್ನು ನೆನೆದು ಬಹಳ ನೋವಾಯಿತು.

ಆದರೆ ನಿನಗೆ ಶಹಬ್ಬಾಸ್ ಹೇಳದೆ ಇರಲಾರೆ. ನಿನ್ನ ಇಡೀ ಕಾಗದದಲ್ಲಿ ಒಂದೇ ಒಂದು ಉದ್ಗಾರ ಚಿಹ್ನೆ ಇರಲಿಲ್ಲ. ಗ್ಲಾಸು ಎಸೆದವನು ಇವನೇನಾ ಎಂದು ಮತ್ತೆ ಮತ್ತೆ ಓದಿದೆ. ಇಷ್ಟು ದೊಡ್ಡ ಹೊಡೆತದಲ್ಲೂ ಹೀಗೆ ನಿಂತೆಯಲ್ಲ, ಇನ್ನು ನಿನ್ನ ಚಿಂತೆ ನನಗಿಲ್ಲ.

ಹುಡುಗ ನಮ್ಮ ಕಡೆಯವನು ಎಂದು ಮರುಗಿ ಮಾತು ಬದಲಿಸಬೇಡ. ಗೊತ್ತಿದ್ದೂ ಹೇಳದವನದೇ ತಪ್ಪು, ನಿಯಮ ಎಂದರೆ ನಿಯಮ. ಆಸ್ಪತ್ರೆಗೆ ಒಮ್ಮೆ ಹಣ್ಣು ತೆಗೆದುಕೊಂಡು ಹೋಗಿ ಬಾ. ಮುಖ್ಯಸ್ಥನಾದವನು ಹೋಗಬೇಕು.

ನವರಾತ್ರಿ ಶುರುವಾಗಿದೆ. ಗರಬಾದ ಲೌಡ್‌ಸ್ಪೀಕರ್ ನಮ್ಮ ಕಿಟಕಿಗೇ ಕಟ್ಟಿದ್ದಾರೆ. ಭಾವನವರು ಕಿವಿಗೆ ಹತ್ತಿ ತುರುಕಿಕೊಂಡು ಪೇಪರು ಓದುತ್ತಿದ್ದಾರೆ.

ಅಕ್ಕ
ನಳಿನಿ


ಹಜೀರಾ
8 ಅಕ್ಟೋಬರ್ 2003

ಅಕ್ಕಾ,

ಹಣ್ಣು ತೆಗೆದುಕೊಂಡು ಆಸ್ಪತ್ರೆಗೆ ಹೋದೆ. ಹೋಗದಿದ್ದರೆ ಚೆನ್ನಾಗಿತ್ತು. ಇಲ್ಲ, ಹಾಗಲ್ಲ, ಮೊದಲ ದಿನವೇ ಹೋಗಬೇಕಿತ್ತು.

ಈಶ್ವರಭಾಯಿ ದಿಂಬಿಗೆ ಒರಗಿ ಕೂತಿದ್ದ. ಏಳಲು ಹೊರಟ. ನಾನು ಬೇಡವೆಂದೆ. ನನ್ನ ಸ್ಥಿರವಾದ ಮುಖ ಇಟ್ಟುಕೊಂಡು ಆರೋಗ್ಯ ವಿಚಾರಿಸಿದೆ. ಹಣ್ಣಿನ ಚೀಲವನ್ನು ಪಕ್ಕದಲ್ಲಿ ಇಟ್ಟಾಗ ಅವನು ನಕ್ಕು ಹಿಂದಿಯಲ್ಲಿ, "ಸಾಬ್, ಈ ಸಲ ಪೇಂಡಾ ತಪ್ಪಿಹೋಯ್ತು," ಎಂದ. ನನಗೆ ಅರ್ಥವಾಗಲಿಲ್ಲ. ಅವನೇ ಬಿಡಿಸಿ ಹೇಳಿದ. "ಶುಕ್ರವಾರ ಪಂಪು ಶುರುವಾಗ್ತದೆ, ಸಾಹೇಬರು ಪೇಂಡಾ ತರಿಸ್ತಾರೆ, ಆಗ ರಾಕೇಶಭಾಯಿ ಸರಪಳಿ ವಿಷಯ ಹೇಳೋದು ಅಂತ ಇತ್ತು. ಒಂದು ದಿನ ಮೊದಲೇ ಬಿತ್ತು ನೋಡಿ. ನನ್ನ ನಸೀಬು."

ಪೇಂಡಾಕ್ಕೂ ಸರಪಳಿಗೂ ಏನು ಸಂಬಂಧ ಎಂದೆ. ಅವನು ನನ್ನನ್ನು ಆಶ್ಚರ್ಯದಿಂದ ನೋಡಿದ. ನನಗೆ ಗೊತ್ತಿದೆ ಎಂದೇ ಅವನು ತಿಳಿದಿದ್ದ. "ನಮ್ಮಲ್ಲಿ ಕೆಟ್ಟ ಸುದ್ದಿ ಎಲ್ಲ ಪೇಂಡಾ ದಿನವೇ ಹೇಳೋದಲ್ವಾ ಸಾಬ್? ಹೊಸಬರು ಬಂದರೆ ನಾವು ಮೊದಲು ಕಲಿಸೋದೇ ಅದು. ಬೇರೆ ದಿನ ಒಳಗೆ ಹೋಗಬೇಡಿ ಅಂತ." ಒಂದಿಷ್ಟೂ ಸಿಟ್ಟಿಲ್ಲದೆ ಹೇಳಿದ ಅಕ್ಕಾ. ಮಳೆಗಾಲದಲ್ಲಿ ಕೊಡೆ ಹಿಡಿಯಿರಿ ಎನ್ನುವ ಹಾಗೆ ಹೇಳಿದ. ನಾನು ಒಳ್ಳೆಯ ಅಂಗಡಿಯ ಪೇಂಡಾ ತರಿಸುತ್ತೇನೆ ಎಂದು ಹೊಗಳಿದ ಕೂಡ. ಅವನ ಬಲಗಾಲಿನ ಬೆರಳುಗಳು ಇರಬೇಕಾದಲ್ಲಿ ಹೊದಿಕೆ ಸಪಾಟಾಗಿತ್ತು. ನಾನು ಅಲ್ಲಿಗೇ ನೋಡುತ್ತಾ ಕೂತಿದ್ದೆ.

ನಿನ್ನ ಜುಲೈ ಕಾಗದ ನೆನಪಾಯಿತು. ಎಲ್ಲ ಅದೇ ದಿನ ನಡೆದವೇ ಎಂದು ನೀನು ಕೇಳಿದ್ದೆ. ನಾನು ವಿಚಾರಿಸಲೇ ಇಲ್ಲ. ನನ್ನ ಹತ್ತಿರ ಏನನ್ನೂ ಮುಚ್ಚಿಡುವುದಿಲ್ಲ ಎಂದು ಬೀಗಿ ಬರೆದೆನಲ್ಲ, ಆ ಸಾಲು ನೆನೆದರೆ ಮುಖ ಎಲ್ಲಿಡಲಿ ಎನ್ನಿಸುತ್ತದೆ.

ಆಸ್ಪತ್ರೆಯಿಂದ ನೇರವಾಗಿ ರಾಕೇಶನ ರೂಮಿಗೆ ಹೋದೆ. ಅಮಾನತ್ತಿನಲ್ಲಿದ್ದಾನೆ. ಬ್ಯಾಗು ಕಟ್ಟಿ ಇಟ್ಟಿದ್ದ. ನಾನು ಗ್ಲಾಸು ಎಸೆದೆನಲ್ಲ, ಅವತ್ತು ಅವನು ಬಾಗಿಲಿಗೆ ಬಂದದ್ದು ಈ ಸರಪಳಿಯ ವಿಷಯ ಹೇಳುವುದಕ್ಕೇ! ಕಮಿಟಿಯ ಎದುರು ಅದನ್ನು ಯಾಕೆ ಹೇಳಲಿಲ್ಲ ಎಂದು ಕೇಳಿದೆ. "ನನ್ನ ಸೇರಿಸ್ಕೊಂಡಾವ್ರು ನೀವು. ನಿಮ್ಮ ಕಡೆ ಬಟ್ಟು ಮಾಡಿ ಹ್ಯಾಂಗ್ ತೋರಿಸ್ಲಿರಿ ಸರ್?" ಎಂದ. ಆಮೇಲೆ, "ನಾ ಅವತ್ತ ಗಟ್ಟಿ ಮನಸ್ಸು ಮಾಡಿ ಹೇಳ್ಬೇಕಾಗಿತ್ತು. ಬೈಸ್ಕೊಂಡಿದ್ರ ಮುಗೀತಿತ್ತು," ಎಂದು ಅತ್ತ. ಅವನು ತನ್ನನ್ನೇ ಬೈದುಕೊಳ್ಳುತ್ತಿದ್ದ.

ಕಮಿಟಿಗೆ ನಾನು ಹೇಳಿದ್ದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಮಾಹಿತಿ ನನಗೆ ಬಂದಿರಲಿಲ್ಲ. ಬಾರದ ಹಾಗೆ ನೋಡಿಕೊಂಡವನು ನಾನು ಎಂಬುದನ್ನು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಈಗ ಅಹಮದಾಬಾದಿನಲ್ಲಿ ಅದನ್ನು ಹೇಳಿದರೆ ರಾಕೇಶ ಉಳಿಯಬಹುದು, ನಾನು ಹೋಗಬಹುದು. ಹೇಳದಿದ್ದರೆ ನಾನು ಉಳಿಯುತ್ತೇನೆ. ಎರಡನ್ನೂ ಯೋಚಿಸಿ ಹೆದರಿಕೆಯಾಗುತ್ತಿದೆ. ಇಷ್ಟು ನಾಚಿಕೆಯಾದ ಮೇಲೂ ಹೆದರಿಕೆ ಹೋಗಿಲ್ಲ ಎಂಬುದು ಇನ್ನೊಂದು ನಾಚಿಕೆ.

ನೀನು ಗಟ್ಟಿ ಮನಸ್ಸಿನವಳು. ಏನು ಮಾಡಲಿ ಹೇಳು.

ಹನುಮಂತ


ವಡೋದರಾ
14 ಅಕ್ಟೋಬರ್ 2003

ಹನುಮಂತಾ,

ನನ್ನ ಶಹಬ್ಬಾಸ್ ಕಾಗದವನ್ನು ಹರಿದು ಹಾಕು. ಇನ್ನೊಬ್ಬರ ಕಣ್ಣಿಗೆ ಅದು ಬೀಳಬಾರದು.

ನಿನ್ನ ಎರಡು ಕಾಗದಗಳನ್ನೂ ನಿಮ್ಮ ಭಾವನವರಿಗೆ ಓದಲು ಕೊಟ್ಟೆ. ಸೆಪ್ಟೆಂಬರಿನದನ್ನು ಓದಿ, "ಈ ಕಾಗದದಾಗ ಅವನೇ ಇಲ್ಲಲ್ಲ ನಳಿನಿ. ಯಾರನ್ನ ಹೊಗಳಿದಿ ನೀನು?" ಎಂದು ಕೇಳಿದರು. ಹುಳಿಗೆ ಒಗ್ಗರಣೆ ಹಾಕಲು ಎದ್ದು ಹೋದೆ. ಅದು ನನ್ನ ರೂಢಿ.

ನೀನು ಕೇಳಿದ್ದಕ್ಕೆ ಉತ್ತರ ಕೊಡುವ ಯೋಗ್ಯತೆ ನನಗಿಲ್ಲ. ಯಾಕೆಂದು ಹೇಳುತ್ತೇನೆ. ದೀರ್ಘ ರಜೆ ಹಾಕಿದ ಸುಮತಿಯ ವಿಷಯ ಬರೆದಿದ್ದೆನಲ್ಲ. ಅವಳಿಗೆ ಸ್ತನದ ಕ್ಯಾನ್ಸರ್. ಬೇಸಿಗೆಯಿಂದಲೇ ಔಷಧಿ ನಡೆದಿತ್ತು. ಸ್ಕಾರ್ಫು ಕಟ್ಟಿಕೊಂಡು ನನ್ನ ಗಾಜಿನ ಕೋಣೆಯ ಎದುರಿನ ಮೇಜಿನಲ್ಲೇ ಕೂತು ಕೆಲಸ ಮಾಡುತ್ತಿದ್ದಳು. ವಡೋದರಾದ ಬಿಸಿಲಿಗೆ ಕಟ್ಟಿದ್ದಾಳೆ ಎಂದುಕೊಂಡಿದ್ದೆ. ಇಡೀ ಆಫೀಸಿಗೆ ಗೊತ್ತಿತ್ತು. ಅವಳ ಕೆಲಸವನ್ನು ಹಂಚಿಕೊಂಡು ಮಾಡಿದ್ದರು, ಸರದಿಯ ಮೇಲೆ ಆಸ್ಪತ್ರೆಗೆ ಹೋಗಿದ್ದರು. ಗೊತ್ತಿಲ್ಲದವಳು ನಾನೊಬ್ಬಳೇ. ದಸರೆ ಮುಗಿದ ಮೇಲೆ ಹೇಗೋ ಕಿವಿಗೆ ಬಿತ್ತು.

ಇಂದಿರಾಬೆನ್ ಎಂಬ ನಮ್ಮ ಹಳೆಯ ಗುಮಾಸ್ತೆಯನ್ನು ಒಳಗೆ ಕರೆದು ಯಾಕೆ ಹೇಳಲಿಲ್ಲ ಎಂದೆ. ಆಗಲೂ ನನ್ನ ದನಿ ಏರಲಿಲ್ಲ, ನೋಡು. ಅವಳು ಬಹಳ ಮರ್ಯಾದೆಯಿಂದ, "ಹೇಳಿದ್ದರೆ ಏನಾಗ್ತಿತ್ತು ಮೇಡಂ? ಅರ್ಜಿ ಬರೆದು ಕೊಡಿ ಅಂತಿದ್ರಿ," ಎಂದಳು. ನಿಜ. ಹಾಗೇ ಅನ್ನುತ್ತಿದ್ದೆ.

ನಿನಗೆ ಹೆದರಿ ಹೇಳಲಿಲ್ಲ. ನನಗೆ ಹೇಳಿ ಏನು ಪ್ರಯೋಜನ ಎಂದು ಹೇಳಲಿಲ್ಲ. ನಿನ್ನ ಬಾಗಿಲಿಗಾದರೂ ರಾಕೇಶ ಒಮ್ಮೆ ಬಂದಿದ್ದ. ನನ್ನ ಬಾಗಿಲಿಗೆ ಯಾರೂ ಬರಲಿಲ್ಲ. ನಾನು ಅದನ್ನು ಶಾಂತಿ ಎಂದು ತಿಳಿದು ನಿನಗೆ ಪಾಠ ಹೇಳಿದೆ. ಆ ಹುಡುಗನನ್ನು ಕೈಬಿಡು ಎಂದೂ ಹೇಳಿದೆ. ಮೊನ್ನೆ ಸುಮತಿಯ ಮನೆಗೆ ಹೋದೆ. ಒಳಗೆ ಅವಳು ಯಾರ ಜೊತೆಗೋ ನಗುತ್ತಿದ್ದದ್ದು ಕೇಳಿಸಿತು. ಬೆಲ್ ಒತ್ತಲು ಆಗಲಿಲ್ಲ. ಹಣ್ಣಿನ ಚೀಲ ಹಿಡಿದುಕೊಂಡು ವಾಪಸು ಬಂದೆ.

ಅಹಮದಾಬಾದಿಗೆ ಹೋಗುವ ನಿನ್ನ ರೈಲು ವಡೋದರಾದಲ್ಲಿ ನಿಲ್ಲುತ್ತದೆ. ಯಾವ ಬೋಗಿ ಎಂದು ತಿಳಿಸು. ಬುತ್ತಿ ತರುತ್ತೇನೆ. ಉಪದೇಶ ತರುವುದಿಲ್ಲ.

ನಳಿನಿ


ಹಜೀರಾ
16 ನವೆಂಬರ್ 2003

ಪ್ರೀತಿಯ ಅಕ್ಕನಿಗೆ,

ನಮಸ್ಕಾರ. ಬುತ್ತಿಯ ಡಬ್ಬಿ ತೊಳೆದು ಇಟ್ಟಿದ್ದೇನೆ, ಯಾರಾದರೂ ಬರುವವರಿದ್ದರೆ ಕಳಿಸುತ್ತೇನೆ. ರೈಲು ಹೊರಟಾಗ ಕಣ್ಣಿಗೆ ಧೂಳು ಬಿತ್ತು ಎಂದೆಯಲ್ಲ, ನಾನು ನಂಬಿದ ಹಾಗೆ ಮಾಡಿದೆ. ಚಪಾತಿ ತಿನ್ನಲು ಆಣಂದ್ ಸ್ಟೇಷನ್ ದಾಟುವವರೆಗೆ ಆಗಲಿಲ್ಲ.

ದೀಪಾವಳಿಯ ಗಡಿಬಿಡಿಯಲ್ಲಿ ಬರೆಯಲಿಲ್ಲ ಎಂದು ಹೇಳಬಹುದು. ನಿಜವೆಂದರೆ ಏನು ಬರೆಯಲಿ ಎಂದು ತಿಳಿಯಲಿಲ್ಲ.

ಅಹಮದಾಬಾದಿನ ಸ್ಯಾಟಲೈಟ್ ಬಡಾವಣೆಯಲ್ಲಿರುವ ಆಫೀಸಿನ ಏಸಿ ಕೋಣೆಯಲ್ಲಿ ಕಮಿಟಿ ಕೂತಿತ್ತು. ಸ್ಥಿರವಾಗಿ ಹೇಳಬೇಕೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದೆ. ಬಾಯಿ ತೆರೆದ ಕೂಡಲೇ ದನಿ ನಡುಗಿತು. ಗ್ಲಾಸಿನ ವಿಷಯ ಹೇಳಿದೆ, ಪೇಂಡಾ ವಿಷಯ ಹೇಳಿದೆ. ಪೇಂಡಾ ಎಂದಾಗ ಒಬ್ಬರು ನಕ್ಕರು. ಆಮೇಲೆ ಅವರೇ ನಗು ನಿಲ್ಲಿಸಿದರು. ನನ್ನನ್ನು ಸ್ಪೀಕರ್ ಫೋನಿನಲ್ಲಿ ಬೈದಿದ್ದ ದೊಡ್ಡ ಸಾಹೇಬರು ಮೇಜು ನೋಡುತ್ತಾ ಕೂತಿದ್ದರು. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ನಾನು ನನ್ನವರಿಗೆ ಮಾಡಿದ್ದನ್ನೇ ಅವರು ನನಗೆ ಮಾಡಿದ್ದರು, ಅಷ್ಟೇ.

ರಾಕೇಶನಿಗೆ ಎಚ್ಚರಿಕೆಯ ಪತ್ರ ಕೊಟ್ಟು ಕೆಲಸಕ್ಕೆ ತೆಗೆದುಕೊಂಡರು. ನನ್ನ ಬಡ್ತಿ ಹೋಯಿತು. ಮುಖ್ಯಸ್ಥನಾಗಿ ಇಡಬೇಕೋ ಬೇಡವೋ ಎಂದು ಮಾರ್ಚ್‌ವರೆಗೆ ನೋಡುತ್ತಾರಂತೆ. ಈಶ್ವರಭಾಯಿಗೆ ಕೂತು ಮಾಡುವ ಕೆಲಸ ಕೊಡುತ್ತಾರೆ. ಬೆರಳನ್ನು ಯಾರೂ ಕೊಡಲಾರರು.

ಹಬ್ಬ ಕಳೆದು ಕೆಲಸ ಶುರುವಾದ ದಿನ ಬೆಳಿಗ್ಗೆ ಶೆಡ್ಡಿನಲ್ಲಿ ಎಲ್ಲರನ್ನೂ ಸೇರಿಸಿದೆ. ಇನ್ನು ಈ ವಿಭಾಗದಲ್ಲಿ ಪೇಂಡಾ ದಿನ ಎಂಬುದಿಲ್ಲ, ಕೆಟ್ಟ ಸುದ್ದಿ ಹುಟ್ಟಿದ ದಿನವೇ ಹೇಳಿ, ನಾನು ಬೈದರೆ ನನ್ನ ಎದುರೇ ನಿಂತು ಕೇಳಿ ಎಂದೆ. ತಪ್ಪಾಯಿತು ಎಂದೂ ಹೇಳಿದೆ. ಎಲ್ಲರೂ ತಲೆಯಾಡಿಸಿದರು. ಆಮೇಲೆ ವಾರವೆಲ್ಲ ಒಬ್ಬನೂ ನನ್ನ ಕೋಣೆಗೆ ಬರಲಿಲ್ಲ. ಕಾರ್ಖಾನೆ ಎಂದ ಮೇಲೆ ವಾರವೆಲ್ಲ ಏನೂ ಕೆಡದೆ ಇರುತ್ತದೆಯೇ ಅಕ್ಕಾ? ಒಂದು ಭಾಷಣ ಕೇಳಿ ಯಾರು ನಂಬುತ್ತಾರೆ. ನಾನಾಗಿದ್ದರೂ ನಂಬುತ್ತಿರಲಿಲ್ಲ.

ನಿನ್ನ ಹತ್ತಿರ ಒಂದು ಮಾತು ಕೇಳುತ್ತೇನೆ. ಸುಮತಿಯ ಮನೆಗೆ ಇನ್ನೊಮ್ಮೆ ಹೋಗು. ಬೆಲ್ ಒತ್ತು. ಅವಳ ಎದುರು ಅಳು ಬಂದರೆ ಧೂಳು ಎನ್ನಬೇಡ.

ನಿನ್ನೆ ರಾಕೇಶ ಬಂದ. ಬಾಗಿಲು ಅರ್ಧ ತೆರೆದು ಅಲ್ಲೇ ನಿಂತ. "ಸರ್, ಒಂದ್ ತಪ್ಪಾಗೇತ್ರಿ," ಎಂದ. ಹೊಸ ಪಂಪಿಗೆ ತಪ್ಪು ಅಳತೆಯ ಬೇರಿಂಗ್ ತರಿಸಿಬಿಟ್ಟಿದ್ದಾನೆ, ಸೋಮವಾರ ಪಂಪು ನಿಲ್ಲಿಸಬೇಕು. ಸೋಮವಾರವೇ ಅಹಮದಾಬಾದಿನವರು ಬರುತ್ತಿದ್ದಾರೆ. ನನ್ನ ಕಿವಿಯವರೆಗೆ ಬಿಸಿ ಏರಿತು. ಚಹಾದ ಗ್ಲಾಸು ಕೈಯಲ್ಲೇ ಇತ್ತು. ಅವನ ಕಣ್ಣೂ ಅದರ ಮೇಲೇ ಇತ್ತು. ಗ್ಲಾಸನ್ನು ಮೇಜಿನ ಮೇಲೆ ಇಟ್ಟೆ. ಕಲ್ಲಿನ ಮುಖ ಹಾಕಿಕೊಳ್ಳಲು ಮನಸ್ಸಾಗಲಿಲ್ಲ. "ಸಿಟ್ಟು ಬಂದೈತೋ ರಾಕೇಶ. ಬರಲಿ. ನೀ ಪೂರ್ತಿ ಹೇಳು," ಎಂದೆ.

ಅವನು ಎಲ್ಲವನ್ನೂ ಹೇಳಿದ. ಒಂದನ್ನೂ ಬಿಡಲಿಲ್ಲ. ನಾನು ಕೇಳಿದೆ, ಇಬ್ಬರೂ ಸೇರಿ ಏನು ಮಾಡಬಹುದೆಂದು ನೋಡಿದೆವು. ಎದುರಿನ ಕುರ್ಚಿ ತೋರಿಸಿ ಎರಡು ಸಲ ಕೂತ್ಕೋ ಎಂದೆ. "ಇರ್ಲಿರಿ ಸರ್," ಎಂದ. ಮಾತು ಮುಗಿಯುವವರೆಗೂ ಅವನ ಒಂದು ಕೈ ಬಾಗಿಲ ಹಿಡಿಕೆಯ ಮೇಲೇ ಇತ್ತು. ಅದನ್ನು ಬಿಡು ಎಂದು ಹೇಳಲು ನನಗೆ ಬಾಯಿ ಬರಲಿಲ್ಲ.

ನಿನ್ನ ತಮ್ಮ
ಹನುಮಂತ